ಅವ್ವನ ಪವರ್ ಮಷೀನಿಗೆ ನನ್ನ ಸಿಂಥ್ ಜೋಡಿಸಿದ್ದು

ನನ್ನ ಹತ್ರ ಇರೋ ಪೆಟ್ಟಿಗಿಗೆ ಮಾಡ್ಯುಲರ್ ಸಿಂಥಸೈಜರ್ ಅಂತಾರ. ಹೆಸರು ದೊಡ್ಡದು ಅಷ್ಟ. ಕಟ್ಟಿಗಿ ಪೆಟ್ಟಿಗಿ, ಅದರ ಮುಂದ ಅಲ್ಯುಮಿನಿಯಂ ತಗಡು, ತಗಡಿನ ತುಂಬ ತಿರುಗಿಸೋ ನಾಬ್, ವೈರ್ ಚುಚ್ಚೋ ತೂತು. ಒಂದು ಭಾಗ ಸದ್ದು ಹುಟ್ಟಿಸ್ತೈತಿ, ಇನ್ನೊಂದು ಅದನ್ನ ಮೆತ್ತಗ ಮಾಡ್ತೈತಿ, ಮತ್ತೊಂದು ಯಾವಾಗ ಬರಬೇಕು ಯಾವಾಗ ನಿಲ್ಲಬೇಕು ಅಂತ ಹೇಳ್ತೈತಿ. ಎಲ್ಲಿಂದ ಎಲ್ಲಿಗೆ ವೈರ್ ಹಾಕ್ತೀನೋ ಹಂಗ ಸದ್ದು. ರಾಯದುರ್ಗದಾಗ ಇದನ್ನ ಹೇಳಿಕೊಡೋರು ಯಾರದಾರ? ನಾ ಕಲ್ತಿದ್ದೆಲ್ಲ ಫೋನ್ ನೋಡಿ, ಕೈ ಸುಟ್ಕೊಂಡು, ಮತ್ತ ಫೋನ್ ನೋಡಿ.

ಮನ್ಯಾಗ ಇನ್ನೊಂದು ಮಷೀನ್ ಐತಿ, ಅವ್ವಂದು. ಕರೆಂಟಿಂದ ಓಡೋ ಹೊಲಿಗಿ ಮಷೀನ್, ಪವರ್ ಮಷೀನ್ ಅಂತೀವಿ. ನಮ್ಮ ಓಣ್ಯಾಗ ಮನಿಮನಿಗೂ ಜೀನ್ಸ್ ಹೊಲೀತಾರ. ಕತ್ತರಿಸಿದ ಬಟ್ಟಿ ಗಂಟು ಕಟ್ಟಿ ತಂದು ಹಾಕ್ತಾರ, ಹೊಲ್ದಿದ್ದನ್ನ ಒಯ್ತಾರ. ಅವ್ವಂದು ಹಿಂದಿನ ಪಾಕೆಟ್ ಕೆಲಸ. ಪಾಕೆಟ್ ಮ್ಯಾಲ ಬಾಗಿದ ಗೆರಿ ಒಂದು ಬರ್ತೈತಲ್ಲ, ಅವ್ವ ಹೊಲದ್ರ ಎಡಕಿಂದು ಬಲಕಿಂದು ಅಳತಿ ಹಿಡದಂಗ ಕೂಡ್ತಾವ.

ಆ ಸದ್ದು ಸಣ್ಣಾಕಿ ಇದ್ದಾಗಿಂದ ನನ್ನ ಕಿವ್ಯಾಗ ಐತಿ. ನೆಟ್ಟಗ ಹೋಗುವಾಗ ಡರ್‌ರ್ ಅಂತ ಒಂದ ಸಮ. ಬಾಗು ಬಂದ್ರ ಕಾಲು ಹಗುರ ಮಾಡ್ತಾಳ, ಟಕ್, ಟಕ್ ಟಕ್, ಮತ್ತ ಡರ್‌ರ್. ಫೋನಿನಾಗ ಸಿಗೋ ರೆಡಿಮೇಡ್ ತಾಳ ಎಷ್ಟು ಕೇಳಿದ್ರೂ ಅಷ್ಟ, ಸತ್ತಂಗ ಇರ್ತಾವ. ನನಗ ಅವ್ವನ ಕಾಲಿನ ತಾಳ ಬೇಕಾಗಿತ್ತು. ಅದಕ್ಕಂತನ ಸಿಂಥಿಂದು ಒಂದು ಭಾಗ ಬಿಚ್ಚಿ ಬದಲಾಯಿಸಿದೆ. ಪೀಜೋ ಅಂತ ರೂಪಾಯಿ ನಾಣ್ಯದಂಥ ಹಿತ್ತಾಳಿ ಬಿಲ್ಲಿ ಬರ್ತೈತಿ, ಅಲ್ಲಾಡೋದನ್ನ ಹಿಡದು ಸಣ್ಣ ಕರೆಂಟ್ ಮಾಡಿ ಕಳಸ್ತೈತಿ. ಅದು ಕಳಿಸಿದ್ದನ್ನ ದೊಡ್ಡದು ಮಾಡೋ ಸರ್ಕ್ಯೂಟ್ ಕೂಡಿಸಿ, ತಗಡಿಗೆ ಹೊಸ ತೂತು ಕೊರದೆ.

"ಅವ್ವ, ನಿನ್ನ ಮಷೀನಿಗೆ ಈ ಬಿಲ್ಲಿ ಅಂಟಿಸ್ಲಾ?"

"ಯಾಕ, ಅದರ ಹಣಿಗೆ ಕುಂಕುಮ ಇಲ್ಲಂತನಾ?"

ಅಂಟಿಸಿದೆ. ಅವ್ವ ಹೊಲಿಯಾಕ ಹತ್ತಿದ್ಲು, ಸ್ಪೀಕರಿನಾಗ ಆಕಿ ಹೊಲಿಗಿ ತಮಟಿ ಬಡದಂಗ ಬಂತು. ನನಗ ಕುಣಿಯೋ ಅಷ್ಟು ಖುಷಿ. ಅಷ್ಟರಾಗ ಅವ್ವ ಕೈ ಜಾಡಿಸಿದ್ಲು.

"ಜುಮ್ ಅಂತೈತಿ."

ನಾ ಮುಟ್ಟಿ ನೋಡಿದೆ, ಏನಿಲ್ಲ. ಮಷೀನ್ ಮುಟ್ಟಿದೆ, ನನ್ನ ಪೆಟ್ಟಿಗಿ ಮುಟ್ಟಿದೆ, ಏನೂ ಇಲ್ಲ. "ನನಗ ಬರವಲ್ದಲ್ಲ" ಅಂದೆ.

"ಹಂಗಾರ ನಾ ಸುಳ್ಳು ಹೇಳಾಕತ್ತೀನಾ? ನಿನಗ ಬಿಟ್ಟು ನನಗ ಹೊಡೀತೈತಿ. ಭಾಳ ಜಾಣ ಪೆಟ್ಟಿಗಿ ಮಾಡೀದಿ."

ಮತ್ತೊಮ್ಮಿ ಹೊಡೀತು. ಅವ್ವ ಬಿಲ್ಲಿ ಕಿತ್ತು ನನ್ನ ಕೈಯಾಗ ಇಟ್ಲು. "ಇದು ಇನ್ನ ನನ್ನ ಮಷೀನ್ ಹತ್ರ ಬರಬಾರದು. ಸಂಜೀಕ ಹೊಲ್ದ ಲಾಟ್ ಒಯ್ಯಾಕ ಬರ್ತಾರ."

ಬಿಲ್ಲಿ ತೆಗೆದ ಮ್ಯಾಲ ಅವ್ವನ ಮಷೀನ್ ಮೊದಲಿನಂಗ ಇತ್ತು. ಅವ್ವನ ಕೈ ಮಾತ್ರ ಮೊದಲಿನಂಗ ಇರಲಿಲ್ಲ. ಇಷ್ಟು ವರ್ಷ ನೋಡದನ ಮುಟ್ಟಿದ ಮಷೀನನ್ನ ಈಗ ಮೊದಲು ಬೆರಳಿನ ಹಿಂಭಾಗ ತಾಗಿಸಿ ನೋಡೋಳು. ಅದನ್ನ ನೋಡಾಕ ನನಗ ಆಗಲಿಲ್ಲ. ಅವ್ವ ಒಲ್ಲೆ ಅಂದ್ರ ನನ್ನ ತಾಳನೂ ಇಲ್ಲ. ಆಕಿ ಹೆದರಿಕಿ ಹೋಗೋ ತನಕ ಪೆಟ್ಟಿಗಿ ಇದ್ದೂ ಇಲ್ಲದಂಗ.

ಪ್ಲಗ್ ತೆಗದು, ಒಳಗ ಉಳಿದ ಕರೆಂಟ್ ಇಳಿಯೋ ತನಕ ಕಾದು, ಎಲ್ಲಾ ಬಿಚ್ಚಿ ನೋಡಿದೆ. ತಪ್ಪು ಕಾಣಲಿಲ್ಲ. ಒಳಗ ಓಡೋದು ಹನ್ನೆರಡು ವೋಲ್ಟ್, ಅದು ಜುಮ್ ಅನ್ನಿಸಂಗಿಲ್ಲ. ಪ್ಲಗ್ಗಿಗೂ ಮೂರು ಕಾಲು ಅದಾವ, ಗ್ವಾಡಿ ಬೋರ್ಡಿಗೂ ಮೂರು ತೂತು. ಮತ್ತೇನು?

ಆ ವಾರ ಮಾವ ಬಂದ. ಅವ್ವನ ತಮ್ಮ. ಮಡಕಶಿರಾ ದಾಟಿ ಅಗಳಿ ಕಡಿ ಹಳ್ಳ್ಯಾಗ ಹಿಪ್ಪುನೇರಳೆ ಬೆಳದು ರೇಷ್ಮಿ ಹುಳ ಸಾಕ್ತಾನ. ತಮ್ಮ ಬಂದ್ರ ಸಾಕು, ಅವ್ವ ರಾಯದುರ್ಗದ ಮಾತು ಬಿಟ್ಟು ತವರಿನ ಮಾತಿಗೆ ಹೋಗಿಬಿಡ್ತಾಳ.

"ನೋಡ್ಲಾ, ನಿನ್ ಸೊಸೆ ನನ್ಗೆ ಕರೆಂಟ್ ಕೊಟ್ಳು."

"ಬಿಲ್ ಬರ್ದಂಗೆ ಕೊಟ್ಳಾ?" ಅಂದ ಮಾವ. ಆಮ್ಯಾಲ ನನ್ನ ಕಡಿ ತಿರುಗಿ, "ನೀನು ಮುಟ್ದಾಗ ಎಲ್ ಕುಂತಿದ್ದೆ ಅಮ್ಮಿ?"

"ಇಲ್ಲೇ, ಗಂಟಿನ ಮ್ಯಾಲ."

ನಾ ಯಾವಾಗಲೂ ಜೀನ್ಸ್ ಗಂಟಿನ ಮ್ಯಾಲ ಕಾಲು ಮಡಚಿಕೊಂಡು ಕುಂದ್ರಾಕಿ. ಕುರ್ಚಿಗಿಂತ ಚಲೋ ಇರ್ತೈತಿ. ಅವ್ವ ಬರಿಗಾಲಾಗ. ಮಷೀನ್ ಇರೋದು ದೇವರ ಜಗಲಿ ಇರೋ ಕೋಣ್ಯಾಗ, ಅಲ್ಲಿ ಚಪ್ಪಲಿ ಹಾಕಂಗಿಲ್ಲ. ಕೆಳಗ ಕಡಪ ಕಲ್ಲು. ಬೆಳಿಗ್ಗಿ ಕಲ್ಲು ಒರಸಿ, ವಿಭೂತಿ ಹಚ್ಕೊಂಡು, ಕಲ್ಲು ಆರೋದರೊಳಗ ಹೊಲಿಯಾಕ ಕುಂತಿರ್ತಾಳ.

"ಕೆಳಕ್ ಇಳಿ. ಈಗ ನಿನ್ ಪೆಟ್ಗೆಗೆ ಟೆಸ್ಟರ್ ಇಡು" ಅಂದ ಮಾವ.

ಇಳಿದು ಇಟ್ಟೆ. ಟೆಸ್ಟರಿನ ಸಣ್ಣ ದೀಪ ಕೆಂಪಗ ಹತ್ತಿತು. ಗಂಟಿನ ಮ್ಯಾಲ ಹತ್ತಿ ಕುಂತು ಇಟ್ಟೆ, ಇಲ್ಲ. ಇಳಿದೆ, ಐತಿ.

"ನಿನ್ ಪೆಟ್ಗೆ ಜಾಣನೂ ಅಲ್ಲ ಏನೂ ಅಲ್ಲ ಕಣಮ್ಮಿ. ಮೆತ್ಗೆ ಮೇಲ್ ಕುಂತೋರ್ನ ಬಿಡುತ್ತೆ, ನೆಲದ್ ಮೇಲಿರೋರ್ನ ಹಿಡ್ಕಂತದೆ."

"ಅಂಗಾರೆ ಅದು ಸರ್ಕಾರಿ ಮಂಡಲ್ ಆಫೀಸು" ಅಂದ್ಲು ಅವ್ವ.

"ಚಪ್ಲಿ ಹಾಕ್ಕಂಡು ಹೊಲಿ ಅಕ್ಕ, ಮುಗೀತು."

"ದೇವ್ರ ಮುಂದೆ ಚಪ್ಲಿನಾ? ಊರಲ್ಲಿ ಯಾರೂ ಇಲ್ವೇನ್ಲಾ ನಿನ್ಗೆ ಬುದ್ಧಿ ಹೇಳೋರು?"

ಮಾವ ನಕ್ಕ. ಹುಳದ ಮನ್ಯಾಗ ನೆಲ ಸದಾ ಒದ್ದಿ, ಹೀಟರ್ ಬ್ಯಾರೆ ಇಡಬೇಕು, ಅದಕ್ಕ ಅರ್ತಿಂಗ್ ಇಲ್ದನ ಅಲ್ಲಿ ಒಂದು ಬಲ್ಬೂ ಹಾಕಂಗಿಲ್ಲ ಅಂದ. ನಮ್ಮ ಓಣಿ ಎಲೆಕ್ಟ್ರೀಶಿಯನ್ನ ಕರೆಸಿದ್ವಿ. ಅವರು ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದ್ರು. ಅರ್ತಿಂಗಿನ ಮೂರನೇ ತೂತಿನ ಹಿಂದ ವೈರೇ ಇಲ್ಲ.

"ಬರೀ ಶೋಗೆ ಐತ್ರಿ ಅಕ್ಕಾರ ಇದು" ಅಂದ್ರು. "ಈ ಸಾಲಿನಾಗ ಭಾಳ ಮನೀದು ಹಿಂಗ."

ಆಗ ನನಗ ಪೂರ್ತಿ ತಿಳೀತು. ನನ್ನ ಪೆಟ್ಟಿಗಿಗೆ ಕರೆಂಟ್ ಕೊಡೋ ಸಪ್ಲೈಯಿಂದ ತಗಡಿಗೆ ಯಾವಾಗಲೂ ಒಂಚೂರು ಕರೆಂಟ್ ಸೋರ್ತಿರ್ತೈತಿ. ಅದು ಅರ್ತಿಂಗ್ ವೈರಿನಾಗ ಇಳದು ಮಣ್ಣಿಗೆ ಹೋಗಬೇಕು. ಇಲ್ಲಿ ದಾರಿ ಇಲ್ಲ. ಅದಕ್ಕ ನನ್ನ ಕೇಬಲ್ ಹಿಡದು, ಹಿತ್ತಾಳಿ ಬಿಲ್ಲಿ ಹಾಯ್ದು, ಅವ್ವನ ಮಷೀನಿನ ಕಬ್ಬಿಣಕ್ಕ ಬಂದು, ಆಕಿ ಕೈಯಿಂದ ಒದ್ದಿ ಕಲ್ಲಿಗೆ ಇಳೀತಿತ್ತು. ಹಿಂಗಿಂಗ ಅಂತ ಅವ್ವಗ ಬೆರಳು ಮಾಡಿ ತೋರಿಸಿದೆ.

"ಇಷ್ಟೆಲ್ಲಾ ಸುತ್ತಾಡಿ ನನ್ನ ಹತ್ರನ ಬರಬೇಕಿತ್ತಾ ಅದು" ಅಂದ್ಲು.

ಹಿತ್ತಲದಾಗ ಬಚ್ಚಲ ಪಕ್ಕ ಗುಂಡಿ ತೋಡಿದ್ವಿ. ನಮ್ಮದು ಗರಸು ನೆಲ, ಹಾರಿ ಹಾಕಿದ್ರ ಕಿಡಿ ಬರ್ತೈತಿ. ಮಾವ ಒಂದೀಟು, ನಾ ಒಂದೀಟು ಅಂತ ಮಧ್ಯಾಹ್ನದ ತನಕ ಅಗದ್ವಿ. ಪೈಪ್ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು, ಮತ್ತ ಇದ್ದಿಲು, ಮ್ಯಾಲ ನೀರು. ಎಲೆಕ್ಟ್ರೀಶಿಯನ್ ಅಲ್ಲಿಂದ ಬೋರ್ಡಿಗೆ ತಾಮ್ರದ ವೈರ್ ಎಳದು, ಮೀಟರ್ ಇಟ್ಟು ನೋಡಿ, ಕರೆಂಟ್ ಸೋರಿದ್ರ ತಾನ ಬೀಳೋ ಸ್ವಿಚ್ ಹಾಕಿದ್ರು. ಅದರ ಟೆಸ್ಟ್ ಬಟನ್ ಒತ್ತಿದ ಕೂಡ್ಲೇ ಮನಿ ಫ್ಯಾನೆಲ್ಲ ನಿಂತ್ವು. ನಾನೂ ಬಿಲ್ಲಿಗೂ ಕಬ್ಬಿಣಕ್ಕೂ ನಡುವ ದಪ್ಪ ಟೇಪ್ ಹಾಕಿದೆ, ಒಂದಕ್ಕೊಂದು ತಾಗದಂಗ.

ಇಷ್ಟಾದ್ರೂ ಅವ್ವ ಹತ್ರ ಬರಲಿಲ್ಲ. ನಾ ಒರಸಿದ ಕಲ್ಲಿನ ಮ್ಯಾಲ ಬರಿಗಾಲಾಗ ನಿಂತು ಟೆಸ್ಟರ್ ಇಟ್ಟೆ. ದೀಪ ಹತ್ತಲಿಲ್ಲ. ಆಮ್ಯಾಲ ಅಂಗೈ ಪೂರ್ತಿ ತಗಡಿನ ಮ್ಯಾಲ ಇಟ್ಟು ನಿಂತೆ. ಅವ್ವ ಟೆಸ್ಟರ್ ನೋಡಲಿಲ್ಲ, ನನ್ನ ಮಾರಿ ನೋಡಿದ್ಲು. ಸುಮಾರು ಹೊತ್ತು ನೋಡಿದ್ಲು. ಆಮ್ಯಾಲ ಬೆರಳಿನ ಹಿಂಭಾಗ ತಾಗಿಸಿದ್ಲು, ಆಮ್ಯಾಲ ಬೆರಳು, ಆಮ್ಯಾಲ ಕೈ.

"ತಣ್ಣಗೈತಿ" ಅಂದು ಹೋಗಿ ಮಷೀನ್ ಮುಂದ ಕುಂತ್ಲು.

ಪಾಕೆಟ್ ಒಂದು ತಗೊಂಡು ಹೊಲದ್ಲು. ಸದ್ದು ಬಂತು. ಕಾಲು ತೆಗದ್ಲು, ನಿಂತಿತು. ಮತ್ತ ಒತ್ತಿದ್ಲು.

"ಇದು ನಂದಾ?"

"ನಿಂದ."

ಬಾಗು ಬಂದಲ್ಲಿ ಬೇಕಾದ್ದಕ್ಕಿಂತ ಸಾವಕಾಶ ಮಾಡಿದ್ಲು. ಟಕ್. ಟಕ್. ಟಕ್. ಯಾರೂ ಹೇಳಿರಲಿಲ್ಲ.

ಈಗ ಮನ್ಯಾಗ ಅವ್ವನ ಕಾನೂನು ನಡೀತೈತಿ. ನೆಲ ಒರಸಿದ ನೀರು ಬೀದಿಗೆ ಚೆಲ್ಲಂಗಿಲ್ಲ, ಅರ್ತಿಂಗ್ ಗುಂಡಿಗೆ ಹಾಕಬೇಕು. ಈ ನೆಲ ಎಷ್ಟು ಹಾಕಿದ್ರೂ ಕುಡೀತೈತಿ. ಆ ಸ್ವಿಚ್ಚಿನ ಬಟನ್ ಆಗಾಗ ಒತ್ತಿ ನೋಡಬೇಕು. ಸಿಂಥ್ ಹಚ್ಚಿದಾಗ ನಾ ಗಂಟಿನ ಮ್ಯಾಲ ಕುಂದ್ರಂಗಿಲ್ಲ, ಆಕಿ ಪಕ್ಕ ಕಲ್ಲಿನ ಮ್ಯಾಲ ಬರಿಗಾಲಾಗ ಕುಂದ್ರಬೇಕು. "ಹೊಡದ್ರ ಮೊದಲು ನಿನಗ ಹೊಡೀಲಿ" ಅಂತಾಳ. ಕಲ್ಲು ತಣ್ಣಗಿರ್ತೈತಿ, ನನಗೇನು ಬ್ಯಾಸರಿಲ್ಲ.

ಮೊನ್ನೆ ಲಾಟ್ ತರೋರು ಪ್ಯಾಂಟಿನ ಪಕ್ಕದ ಹೊಲಿಗಿ ಗಂಟು ತಂದು ಇಳಿಸಿದ್ರು, ಎಲ್ಲಾ ನೆಟ್ಟಗಿನ ಹೊಲಿಗಿ. ಅವ್ವ ಬಿಚ್ಚಿ ನೋಡಿ ವಾಪಸ್ ಕಟ್ಟಿದ್ಲು.

"ಪಾಕೆಟ್ ಇದ್ರ ಕೊಡ್ರಿ. ಇದರಾಗ ಸದ್ದು ಚಲೋ ಬರಂಗಿಲ್ಲ."

ಅವರು ಅವ್ವನ್ನ ನೋಡಿದ್ರು, ಮಷೀನ್ ನೋಡಿದ್ರು, ಆಮ್ಯಾಲ ಕೆಳಗ ಕುಂತ ನನ್ನ ನೋಡಿದ್ರು.