ಜಯಕ್ಕನ ಕೊಡತಿ

ಕಂದಿಕೆರೆ ಪಕ್ಕದ ಹಟ್ಟಿಯಲ್ಲಿ ಜಯಕ್ಕನ ಬೆಳಗು ಏಟಿನ ಸದ್ದಿನಿಂದಲೇ ಶುರುವಾಗುತ್ತಿತ್ತು. ಗುಂಡಿಯಲ್ಲಿ ಕೊಳೆತ ತೆಂಗಿನ ಮಟ್ಟೆಯನ್ನು ಬಂಡೆಯ ಮೇಲಿಟ್ಟು, ಕೊಡತಿ ಎಂಬ ಮರದ ಸುತ್ತಿಗೆಯಿಂದ ಬಡಿದು ನಾರು ಬಿಡಿಸುವುದು ಅವಳ ಕಸುಬು. ಬಲತೋಳು ಎಡದಕ್ಕಿಂತ ದಪ್ಪ. ಬೆನ್ನಿನ ಮೇಲೆ ಹಳೆಯ ಬರೆಗಳಿದ್ದವು. ಅವು ಮೊದಲ ಬಸಿರಿನ ಕಾಲದವು.

ಆಗ ಅವಳಿಗೆ ನಡುಕದ ಜ್ವರ ಬಂದಿತ್ತು. ಮಟ್ಟೆ ಗುಂಡಿಯ ಗಾಳಿ ಮೆಟ್ಟಿಕೊಂಡಿದೆಯೆಂದು ಪೂಜಾರಿ ಕೆಂಚಯ್ಯ ಹುಣಸೆ ಬರಲಿನಿಂದ ಹೊಡೆದ. ಹೊಡೆದ ಮೇಲೆ ಬೆವರು ಸುರಿದು ಜ್ವರ ಇಳಿಯಿತು. ಮರುದಿನ ಎದ್ದು ಕೆಲಸ ಮಾಡಿದಳು. ಅದರ ಮರುದಿನ ಮತ್ತೆ ನಡುಕ, ಮತ್ತೆ ಏಟು, ಮತ್ತೆ ಬೆವರು. ಏಟಿಗೇ ಗಾಳಿ ಇಳಿಯುತ್ತಿದೆಯೆಂದು ಎಲ್ಲರೂ ನಂಬಿದರು. ಜಯಕ್ಕನೂ ನಂಬಿದಳು. ಕೂಸು ಹೊಟ್ಟೆಯಲ್ಲೇ ಸತ್ತಿತು.

ತೊಂಬತ್ತಾರರ ಮಳೆ ಮುಗಿದ ಮೇಲೆ ಸೊಸೆ ವನಜಾಳಿಗೂ ಅದೇ ನಡುಕ ಹತ್ತಿತು. ಏಳು ತಿಂಗಳ ಬಸುರಿ. ಮಗ ಎತ್ತಪ್ಪ ಕೆಂಚಯ್ಯನನ್ನೇ ಕರೆತಂದ. ಮುದುಕನಾಗಿದ್ದರೂ ಅವನ ಕೈ ಸೋತಿರಲಿಲ್ಲ. ವನಜಾ ಕಿರುಚಿದಳು, ಬೆವರಿದಳು, ಮಲಗಿದಳು.

ಮತ್ತೆ ನಡುಕ ಬಂದ ದಿನ ಕೆಂಚಯ್ಯ ಹುಳಿಯಾರಿಗೆ ಹೋಗಿದ್ದ. ಯಾರೂ ಹೊಡೆಯಲಿಲ್ಲ. ಜಯಕ್ಕ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊತ್ತು ಇಳಿಯುವಷ್ಟರಲ್ಲಿ ವನಜಾಳ ಹಣೆಯಲ್ಲಿ ಬೆವರೊಡೆಯಿತು. ಸೀರೆ ತೊಯ್ದಿತು. ಜ್ವರ ತಾನಾಗಿಯೇ ಇಳಿಯಿತು. ಜಯಕ್ಕ ಒದ್ದೆಯಾದ ತನ್ನ ಅಂಗೈ ನೋಡುತ್ತ ಬಹಳ ಹೊತ್ತು ಕೂತೇ ಇದ್ದಳು.

ಮತ್ತೆ ನಡುಕ ಹತ್ತುವ ಹೊತ್ತಿಗೆ ಕೆಂಚಯ್ಯ ಮರಳಿ ಬಂದ. "ಹಿಡ್ಕಳಲಾ ಎತ್ತ, ಜಡೆ ಬಿಗಿಯಾಗಿ ಹಿಡ್ಕ."

ಎತ್ತಪ್ಪ ಹೆಂಡತಿಯ ಜಡೆ ಹಿಡಿದ. ಮೊದಲ ಏಟಿಗೆ ವನಜಾಳ ಭುಜ ಸೀಳಿ ರಕ್ತ ಬಂತು. ಎರಡನೆಯದು ಹೊಟ್ಟೆಯ ಪಕ್ಕಕ್ಕೆ ಬಿತ್ತು.

"ಬುಡಲಾ ಜಡೆನಾ," ಎಂದಳು ಜಯಕ್ಕ.

"ಸುಮ್ಕಿರವ್ವ. ನಿಂಗೂ ಇಂಗೇ ಬುಡಿಸಿದ್ದಲ್ವಾ?"

"ಬುಡಿಸಿದ್ದು ಹೊಟ್ಟೇಲಿದ್ದ ನಿಮ್ಮಣ್ಣನ ಜೀವ ಕಣ್ಲಾ."

ಕೆಂಚಯ್ಯ ನಕ್ಕ. "ಅತ್ತೆಗೂ ಮೆಟ್ಕಂಡೈತೆ ಕಣಪ್ಪ. ಇವಳಿಗೂ ನಾಕು ಬೀಳ್ಲಿ."

ಎತ್ತಿದ ಅವನ ಮಣಿಕಟ್ಟಿನ ಮೇಲೆ ಕೊಡತಿ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ಮೇಲೆರಗಿದ ಎತ್ತಪ್ಪನ ಮಂಡಿಗೆ ಇನ್ನೊಂದು. ಅವನು ಕುಸಿದು ಕೂತ.

"ಗಾಡಿ ಕಟ್ತೀಯೋ, ಇನ್ನೊಂದು ಬೇಕೋ?"

ಕುಂಟುತ್ತಲೇ ಗಾಡಿ ಕಟ್ಟಿದ.

ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿದರು. "ಮಲೇರಿಯಾ ಕಣಮ್ಮ," ಎಂದರು ಡಾಕ್ಟರಮ್ಮ. "ಸೊಳ್ಳೆಯಿಂದ ಬರೋದು. ತಾಯಿ ರಕ್ತಾನೂ ತಿನ್ನುತ್ತೆ, ಮಗೂನೂ ಸೊರಗಿಸುತ್ತೆ."

"ಹೊಡುದ್ರೂ ಇಳೀತೈತೆ, ಹೊಡೀದಿದ್ರೂ ಇಳೀತೈತೆ. ಅಲ್ವಾ ತಾಯಿ?"

ಡಾಕ್ಟರಮ್ಮ ವನಜಾಳ ಭುಜ ನೋಡಿದರು. "ಯಾರಮ್ಮ ಹೊಡೆದಿದ್ದು?"

"ನಾವೇ," ಎಂದಳು ಜಯಕ್ಕ.

ಹಟ್ಟಿ ಅವಳನ್ನು ಹೊರಗಿಟ್ಟಿತು. ನೀರಿಗೆ ಹೋದರೆ ಬಿಂದಿಗೆ ಒಡೆದರು. ಕೆಂಚಯ್ಯನ ಮಕ್ಕಳು ಬೆನ್ನಿಗೆ ಕಲ್ಲು ಬೀರಿದರು. ಅವಳು ಕೊಡತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತೋಟದ ಬಾವಿಯಿಂದ ನೀರು ಹೊತ್ತಳು, ವನಜಾಳಿಗೆ ಕಹಿ ಮಾತ್ರೆಗಳನ್ನು ತಾನೇ ಎದುರಿಗೆ ನಿಂತು ನುಂಗಿಸಿದಳು.

ದಿನ ತುಂಬುವ ಮೊದಲೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು, ಬಲು ಸಣ್ಣದು. ಆದರೆ ಅಳುತ್ತಿತ್ತು.

ಎತ್ತಪ್ಪ ಆಸ್ಪತ್ರೆಯ ಬಾಗಿಲಲ್ಲಿ ನಿಂತ. "ಎತ್ಕಳ್ಳಾ ಅವ್ವ?"

"ನನ್ನೇನು ಕೇಳ್ತೀಯ? ಅವಳ್ನ ಕೇಳು."

ಜಡೆ ಹಿಡಿದಿದ್ದ ಆ ಕೈಗಳನ್ನು ವನಜಾ ನೋಡಿದಳು. ಕೂಸನ್ನು ಸೆರಗಿನೊಳಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.