ಬಂಗಾಲಿ ಸೊಸೆಗೆ ಒಡಪು ಕಲಿಸಿದ್ದು

ನಮ್ಮ ಅಕ್ಕ ಯಾವ ಸುದ್ದಿಯನ್ನೂ ಎರಡು ವಾಕ್ಯ ಮಾಡಿ ಹೇಳಿದವಳಲ್ಲ. ಲಕ್ಷ್ಮೇಶ್ವರದ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಒಮ್ಮೆ ಶುರು ಮಾಡಿದಳು: “ನಿನ್ನಿ ಏನಾತಂದ್ರ, ಮುಂಜಾನೆದ್ದು, ಜಳಕಾ ಮಾಡಿ, ಜಲ್ದಿ ಜಲ್ದಿ ಎರಡು ರೊಟ್ಟಿ ಬಡದು, ಶಿರಹಟ್ಟಿ ಬಸ್ ಹಿಡದು, ಮಠಕ್ಕ ಹೋಗಿ, ಕಾಯಿ ಒಡಿಸಿ, ಅಲ್ಲೇ ಪ್ರಸಾದಕ್ಕ ಕುಂತು, ಬರೂಮುಂದ ನಿನಗೊಂದು ಡಜನ್ ಹಸರು ಬಳಿ ತಗೊಂಡು, ಸಂಜಿ ಅನ್ನೂದ್ರಾಗ ತಿರುಗಿ ಬರಬೇಕು ಅಂತ ಮಾಡಿದ್ದೆ, ಬಸ್ ಬರಲೇ ಇಲ್ಲ ನೋಡು.” ಅಷ್ಟೊತ್ತಿಗೆ ನಾನು ಬಳೆ ಎಲ್ಲಿ ಎಂದು ಅವಳ ಚೀಲದ ಕಡೆ ಕೈ ಚಾಚಿಯೂ ಆಗಿತ್ತು.

ಇದರಲ್ಲಿ ಅಕ್ಕನ ತಪ್ಪೇನೂ ಇಲ್ಲ, ಕನ್ನಡವೇ ಹಾಗೆ. ಇಂಗ್ಲಿಷಿನವನು ‘ನಾನು’ ಅಂದ ಕೂಡಲೇ ಏನು ಮಾಡಿದನೆಂದು ಹೇಳಿಬಿಡಬೇಕು. ಪಾಪ, ಆಮೇಲೆ ಮನಸ್ಸು ಬದಲಿಸಲು ಅವನಿಗೆ ಜಾಗವೇ ಇಲ್ಲ. ನಮ್ಮವರು ಹಾಗಲ್ಲ. ಎದುರಿನವರ ಮುಖ ನೋಡುತ್ತ, ಚಹಾ ಕುಡಿಯುತ್ತ, ‘ಹೋಗಿ, ಬಂದು, ನೋಡಿ, ಕೇಳಿ’ ಎಂದು ಎಳೆದು, ಕಟ್ಟಕಡೆಗೆ ‘ಮಾಡಿದೆ’ ಎನ್ನಬೇಕೋ ‘ಮಾಡಲಿಲ್ಲ’ ಎನ್ನಬೇಕೋ ನಿರ್ಧರಿಸುತ್ತಾರೆ. ನಾನು ಇದನ್ನೇ ಹಿರೇವಡ್ಡಟ್ಟಿ, ಮುಂಡರಗಿ, ಶಿರಹಟ್ಟಿಯ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ಕರ್ತೃ, ಕರ್ಮ, ಕ್ರಿಯಾಪದ ಎಂದು ಒದರಿ ಒದರಿ ಗಂಟಲು ಕೆಡಿಸಿಕೊಂಡವಳು. ಈಗ ಬೆಟಗೇರಿಯ ಮನೆಯಲ್ಲಿ ಇದ್ದೇನೆ. ಓಣಿಯ ಜನ ನನ್ನನ್ನು ಕಂಡರೆ “ಅಕ್ಕೋರು ಬಂದ್ರು, ಸುಮ್ಮಿರ್ರಿ” ಎನ್ನುತ್ತಾರೆ. ಅದು ಗೌರವ ಎಂದೇ ನಾನು ತಿಳಿದುಕೊಂಡಿದ್ದೇನೆ.

ಇಂಥ ನನ್ನ ಹತ್ತಿರ ಅಕ್ಕನ ಮಗ ಬಂದು, ತಾನು ಕೆಲಸ ಮಾಡುವ ವಸತಿ ಶಾಲೆಗೆ ಬಂಗಾಲದಿಂದ ಗಣಿತದ ಮೇಡಂ ಒಬ್ಬಳು ಬಂದಿದ್ದಾಳೆ, ಅವಳನ್ನೇ ಮದುವೆಯಾಗುತ್ತೇನೆ ಅಂದ. ಹುಡುಗಿ ಒಳ್ಳೆಯವಳು, ಮನೆತನ ಒಳ್ಳೆಯದು, ಅವರ ಕಡೆಯವರೂ ಒಪ್ಪಿದ್ದಾರೆ. ನಾನೇ ಹೋಗಿ ಅಕ್ಕನಿಗೆ ಹೇಳಿದೆ. ಅಕ್ಕ ಜಾತಿ ಕೇಳಲಿಲ್ಲ, ಬಣ್ಣ ಕೇಳಲಿಲ್ಲ, ಮೀನು ತಿನ್ನುತ್ತಾಳೋ ಎಂದು ಸಹ ಕೇಳಲಿಲ್ಲ. “ನನ್ನ ಕೂಡ ಏನ್ ಮಾತಾಡತಾಳ ಅಕಿ?” ಅಂದಳು.

ಅದು ಸಣ್ಣ ಮಾತಲ್ಲ. ನಮ್ಮ ಭಾವ ತೀರಿಕೊಂಡಾಗ ಮಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಅಕ್ಕ ಬಟ್ಟೆ ಅಂಗಡಿಯನ್ನು ತಾನೇ ನಡೆಸಿ, ಅವನನ್ನು ಓದಿಸಿದಳು. ಹಗಲೆಲ್ಲ ಗಿರಾಕಿಗಳ ಜೊತೆ ಮಾತಾಡಿ, ರಾತ್ರಿ ಗೋಡೆಯ ಜೊತೆ ಮಾತಾಡಿದ ಹೆಂಗಸು. ಸೊಸೆ ಬಂದಮೇಲೆ ಮನೆಯಲ್ಲಿ ಮಾತು ತುಂಬುತ್ತದೆ ಎಂದು ಕಾದಿದ್ದಳು. “ಅಕಿ ಬಂದ್ರ ನಾನು ನನ್ನ ಮನ್ಯಾಗ ಮೂಕಿ ಆಗತೀನಿ, ತಂಗಿ” ಅಂದಳು. “ನಾ ಯಾಕಿದ್ದೀನಿ? ಕಲಸ್ತೀನಿ” ಎಂದು ಎದೆ ತಟ್ಟಿಕೊಂಡು ಬಂದೆ.

ಹುಡುಗಿ ರವಿವಾರಕ್ಕೊಮ್ಮೆ ಬೆಟಗೇರಿಗೆ ಬರತೊಡಗಿದಳು. ಕ್ರಿಯಾಪದ ಕೊನೆಗೆ ಬರುತ್ತದೆ ಎಂದು ಹೇಳಿಕೊಡಲು ನಾನು ಒಂದು ವಾರ ತಯಾರಿ ಮಾಡಿಕೊಂಡಿದ್ದೆ. “ನಮ್ಮಲ್ಲೂ ಹಾಗೇ” ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ಬಂಗಾಲಿಯೂ ನಮ್ಮ ಹಾಗೆ ಕ್ರಿಯಾಪದವನ್ನು ಬಾಲಕ್ಕೆ ಕಟ್ಟುವ ಭಾಷೆಯಂತೆ. ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎಂದರೆ ಅವರೂ ‘ಆಶಿ’ ಎನ್ನುತ್ತಾರಂತೆ, ಅದೂ ‘ಬರ್ತೀನಿ’ ಎಂದೇ. ಇಷ್ಟು ದೂರದ ಎರಡು ಊರುಗಳ ಹೆಂಗಸರು ಹೊಸ್ತಿಲ ಮೇಲೆ ನಿಂತು ಒಂದೇ ಸುಳ್ಳು ಹೇಳುತ್ತಾರೆಂದು ನನಗೆ ಖುಷಿಯಾಯಿತು. ಪಾಠ ಮಾತ್ರ ಕೈತಪ್ಪಿತು.

ಆದರೆ ಗಂಡು ಹೆಣ್ಣಿನಲ್ಲಿ ಸಿಕ್ಕಿಬಿದ್ದಳು. ಅವರ ಭಾಷೆಯಲ್ಲಿ ಅವನಿಗೂ ಅವಳಿಗೂ ಒಂದೇ ಶಬ್ದ. ಹಾಲಿನವನು ಬಂದರೆ “ಅವಳು ಬಂದಳು” ಅನ್ನುತ್ತಿದ್ದಳು. ಹಾಲಿನವನಿಗೆ ಕೈ ಅಗಲದ ಮೀಸೆ! “ಮೀಸೆ ಇದ್ದರೆ ಗಂಡು” ಎಂದೆ. ಅವಳು ನಗುತ್ತ, “ಹಿಂದಿಯಲ್ಲಿ ಮೀಸೆಯೇ ಹೆಣ್ಣು, ಚಿಗವ್ವಾ” ಎಂದಳು. ಮಾತು ಖರೆ. ಹಿಂದಿಯವರಿಗೆ ಬಸ್ಸು ಹೆಣ್ಣು, ಟ್ರಕ್ಕು ಗಂಡು. ಅದನ್ನೆಲ್ಲ ಯಾರು ಎತ್ತಿ ನೋಡಿ ಹೇಳಿದರೋ ಶಿವನೇ ಬಲ್ಲ.

ಹಿಂದಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಅತ್ತೆ ಸೊಸೆ ಮೊದಮೊದಲು ಫೋನಿನಲ್ಲಿ ಹಿಂದಿಯಲ್ಲೇ ಮಾತಾಡಲು ನೋಡಿದ್ದರು. ಅಕ್ಕನದು ಅಂಗಡಿಗೆ ಬರುವ ಗಿರಾಕಿಗಳಿಂದ ಕಲಿತ ಹಿಂದಿ, ಹುಡುಗಿಯದು ಬಂಗಾಲದ ಹಿಂದಿ. ಒಬ್ಬಳು “ತುಮ್ ಖಾನಾ ಖಾಯಾ?” ಎಂದರೆ ಇನ್ನೊಬ್ಬಳು “ಹಮ್ ಖಾಯಾ” ಎನ್ನುವಳು. ಇಬ್ಬರೂ ಸೇರಿ ಹಿಂದಿಯ ಗಂಡು ಹೆಣ್ಣನ್ನೆಲ್ಲ ಕಾಳು ತುಂಬುವ ನೆಲಗುಂಡಿಯಂಥ ಒಂದೇ ಹಗೇವಿಗೆ ಹಾಕಿ ಮುಚ್ಚಿದರು. ಅದನ್ನು ಕೇಳಲಾರದೆ ನಾನೇ, “ಇನ್ನ ಮ್ಯಾಲೆ ಕನ್ನಡ ಒಂದ” ಎಂದು ಆಜ್ಞೆ ಮಾಡಿದೆ.

ಅಲ್ಲಿಂದ ಮಾತು ಇನ್ನಷ್ಟು ಸಣ್ಣದಾಯಿತು. “ನಿಮ್ಮ ಊಟ ಮುಗಿಯಿತೇ?” ಎಂದು ಹುಡುಗಿ ಕೇಳುವಳು. “ಹೂಂ, ಆತು” ಎಂದು ಅಕ್ಕ. “ನಿಮ್ಮ ಆರೋಗ್ಯ ಹೇಗಿದೆ?” “ಚಲೋ ಐತಿ.” ಅಲ್ಲಿಗೆ ಫೋನು ಮುಗಿಯಿತು. ಅಕ್ಕ ನನಗೆ ಫೋನು ಮಾಡಿ ಸಿಡುಕಿದಳು: “ಏನ್ ಕಲಸೀಯವ್ವಾ ನೀನು? ನನ್ನ ಕೂಡ ಪರೀಕ್ಷಿ ಬರದಂಗ ಮಾತಾಡತಾಳ. ನಾ ಪಾಸೋ ನಪಾಸೋ ತಿಳೀವಲ್ದು.” ಹುಡುಗಿಯೂ ಸಪ್ಪಗಾದಳು. “ಅತ್ತೆಗೆ ನಾನು ಬೇಡ ಅನ್ನಿಸುತ್ತದೆ. ಅವರು ನನ್ನ ಹತ್ತಿರ ಎರಡೇ ಶಬ್ದ ಆಡುತ್ತಾರೆ” ಅಂದಳು. ಒಂದು ವಾಕ್ಯದಲ್ಲಿ ಶಿರಹಟ್ಟಿ ತಿರುಗಿ ಬರುವ ನಮ್ಮ ಅಕ್ಕ ಎರಡು ಶಬ್ದಕ್ಕೆ ಬಂದು ನಿಂತಿದ್ದಳು!

ಹೀಗಿರುವಾಗ ಮದುವೆ ಹುಡುಗಿಯ ಊರಲ್ಲಿ ಮುಗಿಯಿತು. ಅಕ್ಕನಿಗೆ ಅಷ್ಟು ದೂರ ರೈಲಿನಲ್ಲಿ ಕೂರಲು ಆಗದೆಂದು ಅವಳು ಹೋಗಲಿಲ್ಲ. ಲಕ್ಷ್ಮೇಶ್ವರದಲ್ಲಿ ಮನೆ ತುಂಬಿಸಿಕೊಳ್ಳುವ ದಿನ ಗೊತ್ತಾಯಿತು. ಆಗ ನನಗೆ ಒಡಪಿನ ನೆನಪಾಯಿತು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಆದರೆ ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ನಾದಿನಿಯರು ಬಾಗಿಲು ಅಡ್ಡಗಟ್ಟುತ್ತಾರೆ. ಎರಡು ಸಾಲಿನ ಪದ ಕಟ್ಟಿ, ಅದರಲ್ಲಿ ಗಂಡನ ಹೆಸರು ಸೇರಿಸಿ ಹೇಳಿದರೇ ದಾರಿ ಬಿಡುವುದು. ಅದೇ ಒಡಪು. ವರ್ಷವೆಲ್ಲ ನುಂಗಿಕೊಂಡ ಹೆಸರನ್ನು ಹತ್ತು ಜನರ ನಡುವೆ ಹಾಡಿ ಹೇಳಲು ನಮ್ಮ ಹೆಂಗಸರು ಮಾಡಿಕೊಂಡ ಹಂಚಿಕೆ ಅದು.

ನಾನು ಬಿಡುತ್ತೇನೆಯೇ? ನಾಲ್ಕು ದಿನ ಕೂತು ಒಡಪು ಬರೆದೆ: “ಮಂದಮಾರುತ ತೀಡಲು ಮಲ್ಲಿಗೆಯರಳಿತು ವನದೊಳು, ನಮ್ಮವರ ನಾಮವ ನುಡಿವೆನು ನಾನೀ ಶುಭದಿನದೊಳು.” ‘ನಮ್ಮವರ’ ಎಂಬಲ್ಲಿ ಹುಡುಗನ ಹೆಸರು. ಹುಡುಗಿ ಮಗ್ಗಿ ಉರು ಹೊಡೆದಂತೆ ಅದನ್ನು ಉರು ಹೊಡೆದಳು. ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. “ಇದೇನ ಒಡಪೋ, ಊರ ಗೌಡರಿಗೆ ಬರದ ಅರ್ಜಿಯೋ?” ಎಂದಳು. ನಾನು ಫೋನು ಇಟ್ಟುಬಿಟ್ಟೆ.

ಆ ದಿನ ಬಂತು. ಅಕ್ಕನ ಮನೆಯ ಮುಂದೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಶಿಗ್ಲಿಯಿಂದ ಬಂದಿದ್ದ ಭಾವನ ಅಕ್ಕ ಆರತಿ ಹಿಡಿದು ನಿಂತಿದ್ದರು, ಈ ಮನೆಯ ಹಿರಿಯರು ಈಗ ಅವರೇ. ಮದುಮಕ್ಕಳು ಮೆಟ್ಟಿಲ ಮೇಲೆ ಬಂದು ನಿಂತರು. ಹುಡುಗಿಯರು ಬಾಗಿಲಿಗೆ ಅಡ್ಡ ಸೀರೆ ಹಿಡಿದು, “ಹೆಸರ ಹೇಳು, ಒಳಗ ಬಾ” ಎಂದು ಗದ್ದಲ ಹಾಕಿದರು. ನಾನು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಒಡಪನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ.

“ಮಂದಮಾರುತ ತೀಡಲು” ಎಂದು ಶುರು ಮಾಡಿದ ಹುಡುಗಿ ಅಲ್ಲಿಗೇ ನಿಂತಳು. ಬಾಗಿಲ ಒಳಗೆ ಎಡಕ್ಕೆ ಬಲಕ್ಕೆ ನೋಡಿ, “ಅತ್ತಿ ಎಲ್ಲಿ?” ಅಂದಳು.

ಅತ್ತಿ ಅಡುಗೆಮನೆಯಲ್ಲಿದ್ದಳು. ಗಂಡ ತೀರಿದ ಹೆಂಗಸು ಮನೆ ತುಂಬಿಸಿಕೊಳ್ಳುವಾಗ ಎದುರಿಗೆ ಬರುವುದಿಲ್ಲ. ಬರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ತಾನೇ ಎದ್ದು ಒಳಗೆ ಹೋಗಿದ್ದಳು. ಎಲ್ಲರಿಗೂ ಗೊತ್ತಿದ್ದ ಸಂಗತಿ ಎಂದು ನಾವು ಯಾರೂ ಹುಡುಗಿಗೆ ತಿಳಿಸಿರಲಿಲ್ಲ. ವಾರವಾರವೂ ವ್ಯಾಕರಣ ಹೇಳಿಕೊಟ್ಟ ನನಗೂ ಅದು ಹೊಳೆದಿರಲಿಲ್ಲ.

ಹುಡುಗಿ ನನ್ನ ಕಡೆ ತಿರುಗಿದಳು. “ನಮ್ಮ ಊರಲ್ಲಿ ಸೊಸಿಗೆ ಅತ್ತಿನೇ ಒಳಗೆ ಕರೀತಾಳೆ. ಅತ್ತೀಗೆ ನಾನು ಬೇಡವಾ, ಚಿಗವ್ವಾ?”

ಅವಳ ಪಕ್ಕದಲ್ಲಿದ್ದ ಮಗನೇ ಸಣ್ಣ ದನಿಯಲ್ಲಿ ವಿಷಯ ತಿಳಿಸಿದ. ಹುಡುಗಿ ಅದನ್ನು ಪೂರ್ತಿ ಕೇಳಿದಳು. ಆಮೇಲೆ ಮೆಟ್ಟಿಲ ಮೇಲೆ ಕಾಲು ಗಟ್ಟಿ ಊರಿ, “ಅತ್ತಿ ಬರಬೇಕು. ಅತ್ತಿ ಕರೀಬೇಕು. ಆಮ್ಯಾಲೆ ನಾ” ಎಂದಳು.

ಶಿಗ್ಲಿಯವರು ಆರತಿ ಕೆಳಗಿಳಿಸಿ, “ಹಂಗ ಬರಾಕ ಬರೂದಿಲ್ಲವಾ, ಪದ್ಧತಿ ಐತಿ” ಎಂದರು. ಒಳಗಿನಿಂದ ಅಕ್ಕನ ದನಿ ಬಂತು: “ಅಕಿಗೆ ತಿಳೀದಿಲ್ಲ, ಒಳಗ ಕರಕೊಳ್ರಿ. ಬಿಸಲಾಗ ನಿಂತಾಳ ಹುಡುಗಿ!”

ಆ ದನಿ ಕೇಳಿದ್ದೇ ತಡ, ಹುಡುಗಿ ಕತ್ತು ಉದ್ದ ಮಾಡಿ ಒಳಕ್ಕೆ ಕೇಳುವಂತೆ ಕೂಗಿದಳು:

“ರೊಟ್ಟಿ ಮ್ಯಾಲೆ ಬೆಣ್ಣಿ, ಬುಟ್ಟ್ಯಾಗ ಹತ್ತಿ,
ಹೆಸರ ಆಮ್ಯಾಲೆ ಹೇಳತೀನಿ, ಬಾಗಲಕ ಬಾ ಅತ್ತಿ!”

ಅತ್ತೆಗೆ ‘ಬಾ’ ಅಂದುಬಿಟ್ಟಳಲ್ಲ, ಯವ್ವಾ! ಈ ಮಾತು ನಾನು ಕಲಿಸಿದ್ದಲ್ಲ, ವಸತಿ ಶಾಲೆಯ ಮಕ್ಕಳ ಬಾಯಿಂದ ಕಲಿತದ್ದಿರಬೇಕು. ಹೆಂಗಸರು ಬಿದ್ದು ಬಿದ್ದು ನಕ್ಕರು. ರೊಟ್ಟಿಗೂ ಹತ್ತಿಗೂ ಸಂಬಂಧವಿಲ್ಲ, ಗಂಡನ ಹೆಸರೇ ಇಲ್ಲ, ನನ್ನ ಮಲ್ಲಿಗೆ ಎಲ್ಲಿ ಉದುರಿತೋ ಗೊತ್ತಿಲ್ಲ. ಸೀರೆ ಹಿಡಿದ ಹುಡುಗಿಯರು ನಗುತ್ತಲೇ ಸೀರೆ ಬಿಟ್ಟು ಒಳಕ್ಕೆ ಓಡಿ ಅಕ್ಕನ ಕೈ ಹಿಡಿದು ಎಳೆದುಕೊಂಡು ಬಂದರು. ಅಕ್ಕ ಬರುವಾಗಲೂ ಬೈಯುತ್ತಲೇ ಇದ್ದಳು: “ಬಿಡ್ರೇ, ಹುಚ್ಚ ಹಿಡದೈತೇನ ನಿಮಗ, ಒಲಿಮ್ಯಾಲೆ ಹೋಳಿಗಿ ಸೀಯಾಕತ್ತೈತಿ, ಹೊರಗ ಹಿರ್ಯಾರು ನಿಂತಾರ, ಇಷ್ಟು ಮಂದ್ಯಾಗ ನನ್ನ ಹಿಂಗ ಎಳಕೊಂಡ್ ಬಂದು...” ವಾಕ್ಯ ಮುಗಿಯುವ ಮೊದಲೇ ಸೊಸೆಯ ಎದುರಿಗೆ ಬಂದು ನಿಂತಿದ್ದಳು.

ಶಿಗ್ಲಿಯವರು ಅಕ್ಕನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಏನು ಅನ್ನಿಸಿತೋ, ಆರತಿಯ ತಾಟನ್ನು ಅಕ್ಕನ ಕೈಗೆ ಕೊಟ್ಟು ಹಿಂದೆ ಸರಿದರು. ಅಕ್ಕ ಬೆಳಗಿದಳು. ಹುಡುಗಿ ಒಡಪು ಗಿಡಪು ಏನಿಲ್ಲದೆ ಗಂಡನ ಹೆಸರನ್ನು ಸೀದಾ ಹೇಳಿ ನಾಲಿಗೆ ಕಚ್ಚಿಕೊಂಡಳು.

ಮತ್ತೆ ನಗು. ಆ ನಗುವಿನ ಭರದಲ್ಲಿ ನಾದಿನಿಯರಲ್ಲಿ ಒಬ್ಬಳು ತಿಳಿಯದೆ, “ದೊಡ್ಡವ್ವಾ, ಸೊಸಿ ಹೇಳಿದ್ಲು, ಇನ್ನ ನೀನೂ ಹೇಳು!” ಅಂದುಬಿಟ್ಟಳು. ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಗಂಡನಿಲ್ಲದವಳಿಗೆ ಒಡಪು ಕೇಳುವುದುಂಟೇ? ಭಾವ ಹೋದಂದಿನಿಂದ ಅಕ್ಕನನ್ನು ಯಾವ ಮನೆಯ ಬಾಗಿಲಲ್ಲೂ ಯಾರೂ ಕೇಳಿರಲಿಲ್ಲ. ನಾನು ಮಾತು ಬದಲಿಸಲು ಮುಂದೆ ಬಂದೆ. ಅಕ್ಕ ನನ್ನನ್ನು ಕೈಯಿಂದ ಸರಿಸಿದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಸೊಸೆಯ ಮುಖ ನೋಡುತ್ತ ಹೇಳಿದಳು:

“ಅಂಗಡಿ ಕಟ್ಟಿ ಮ್ಯಾಲೆ ಮುಂಜಾನಿ ಬಿಸಲ, ಸಂಜೀಕ ನೆಳ್ಳ,
ನಮ್ಮವರ ಹೆಸರ ಹೇಳಾಕ ನನಗ ಯಾರ ಅಪ್ಪಣಿ ಬೇಕಿಲ್ಲ.”

‘ನಮ್ಮವರ’ ಎಂದು ಇಲ್ಲಿ ನಾನು ಬರೆದಿದ್ದೇನೆ. ಅಕ್ಕ ಅಲ್ಲಿ ಭಾವನ ಹೆಸರನ್ನೇ ಹೇಳಿದಳು, ಗಟ್ಟಿಯಾಗಿ, ಓಣಿಗೆಲ್ಲ ಕೇಳುವಂತೆ. ಶಿಗ್ಲಿಯವರು ತಮ್ಮನ ಹೆಸರು ಕೇಳಿ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಹುಡುಗಿಗೆ ಎಷ್ಟು ತಿಳಿಯಿತೋ, ಅತ್ತೆಯ ಕೈ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಮಗ ಮೆಟ್ಟಿಲ ಮೇಲೆ ಹಾಗೇ ನಿಂತಿದ್ದ. ತಂದೆಯ ಹೆಸರನ್ನು ಅವನು ಶಾಲೆಯ ದಾಖಲೆಯಲ್ಲಿ ಬರೆದಿದ್ದ, ಅಂಗಡಿಯ ಬೋರ್ಡಿನಲ್ಲಿ ಓದಿದ್ದ. ತಾಯಿಯ ಬಾಯಿಂದ ಕೇಳಿರಲಿಲ್ಲ.

“ಅವ್ವಾ, ಇನ್ನೊಮ್ಮೆ ಹೇಳು” ಅಂದ.

ಅಕ್ಕ ಇನ್ನೊಮ್ಮೆ ಹೇಳಿದಳು. ಈ ಸಲ ಪದ ಕಟ್ಟಲಿಲ್ಲ. ಬರೀ ಹೆಸರು.