ಮಜ್ಜಿಗೆ ಕಡೆಯುವ ಗೊಂಬೆ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಶಾಲೆಯಲ್ಲಿ ಪಾಠ ಹೇಳುವಾಗ ಗೋಡೆಯಿಂದ ಗೋಡೆಗೆ ತಿರುಗುತ್ತೇನೆ. ಮದುವೆ ಮನೆಯಲ್ಲಿ ಕೂತರೆ ಮೊಣಕಾಲು ತಾನೇ ಕುಣಿಯುತ್ತದೆ. ಇಂಥವಳು ಒಂದು ಸಂಜೆ ನಿಪ್ಪಾಣಿಯ ನಮ್ಮ ಗಲ್ಲಿಯ ಗಣಪತಿ ಮಂಟಪದಲ್ಲಿ ಗೊಂಬೆಯಾಗಿ ಕೂತಿದ್ದೆ ಎಂದರೆ ನನ್ನ ಯಜಮಾನರು ಇಂದಿಗೂ ನಂಬುವುದಿಲ್ಲ.

ನಮ್ಮ ಕಡೆ ಗಣಪತಿ ಹಬ್ಬವೆಂದರೆ ಅಲುಗಾಡುವ ಗೊಂಬೆಗಳ ದೇಖಾವೆ, ಅಂದರೆ ಪ್ರದರ್ಶನ. ಮೋಟಾರು ಕಟ್ಟಿದ ಗೊಂಬೆಗಳು ಬೀಸುತ್ತವೆ, ಕುಟ್ಟುತ್ತವೆ, ರಾಕ್ಷಸರನ್ನು ಕೊಲ್ಲುತ್ತವೆ. ಹಿಂದೆ ರಾಜರ ತೋಟಗಳಲ್ಲಿ ನೀರಿನ ಬಲದಿಂದ ಆಡುವ ಯಂತ್ರದ ಬೊಂಬೆಗಳಿದ್ದವಂತೆ. ನಮ್ಮಲ್ಲಿ ರಾಜರಿರಲಿಲ್ಲ, ನೀರಿಗೂ ಕರೆಂಟಿಗೂ ಪಾಳಿ, ಆದರೆ ಅಪ್ಪಾಸಾಹೇಬರಿದ್ದರು.

ಸುಟ್ಟ ಪಂಪಿನ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿಕೊಡುವುದು ಅವರ ಕಸುಬು. ಹಳೆಯ ಜೀಪಿನ ವೈಪರ್ ಮೋಟಾರು, ಸೈಕಲ್ ಚೈನು ಸೇರಿಸಿ ಒಬ್ಬ ಅಜ್ಜಿಯನ್ನು ಮಾಡಿದ್ದರು. ಅವಳು ಮಜ್ಜಿಗೆ ಕಡೆಯುತ್ತ, ಆಗಾಗ ಕತ್ತು ತಿರುಗಿಸಿ ಬೆಕ್ಕನ್ನು ಗದರಿಸುವಂತೆ ನೋಡುತ್ತಿದ್ದಳು. ಆದರೆ ಆ ಹೊತ್ತಿಗೆ ಎಲ್ಲರ ಕೈಗೂ ಮೊಬೈಲು ಬಂದಿತ್ತು. "ಮುಂದಿನ ವರ್ಷ ಗೊಂಬಿ ಬ್ಯಾಡ್ರಿ, ಡಿಜೆ ತರೂಣು" ಎಂದು ಹಬ್ಬ ನಡೆಸುವ ಮಂಡಳದವರು ಆಗಲೇ ಹೇಳಿಬಿಟ್ಟಿದ್ದರು.

ಮೊದಲ ದಿನವೇ, ಜನ ಸಾಲುಗಟ್ಟಿ ನಿಂತಿರುವಾಗ, ಅಜ್ಜಿಯ ಬೆನ್ನಿನಿಂದ ಹೊಗೆ ಬಂತು. ಪರದೆ ಎಳೆದರು. ಅಪ್ಪಾಸಾಹೇಬರ ಮುಖ ನೋಡಲಾಗಲಿಲ್ಲ. ನನ್ನ ಬಾಯಿಯಾದರೂ ಸುಮ್ಮನಿರಬೇಕಲ್ಲ!

"ಕಾಕಾ, ಇವತ್ತ ನಾ ಕುಂದರ್ತೇನ್ರಿ."

"ನೀವು? ಅಕ್ಕಾರ, ನೀವು ಎರಡ ನಿಮಿಷ ಸುಮ್ನ ಕುಂತದ್ದ ನಾ ನೋಡಿಲ್ರಿ!"

ಗೊಂಬೆಯ ಇಳಕಲ್ ಸೀರೆ ಉಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು ಕೂತೆ. ಕಡೆಗೋಲಿನ ಹಗ್ಗ ಎಳೆ, ನಿಲ್ಲು, ಕತ್ತು ತಿರುಗಿಸು. ಹತ್ತು ನಿಮಿಷ ಹೇಗೋ ಕಳೆಯಿತು. ಆಮೇಲೆ ಮೈಮೇಲೆಲ್ಲ ಇರುವೆ ಹರಿದಂತಾಗತೊಡಗಿತು. ಅಷ್ಟರಲ್ಲಿ ಮೂಗಿನ ಮೇಲೊಂದು ನೊಣ ಬಂದು ಕೂತಿತು. ಸೀನಿಬಿಟ್ಟೆ.

"ಏ, ಗೊಂಬಿ ಸೀನತೈತಿ ಲೇ!"

ನಗೆಯೋ ನಗೆ. ಸುದ್ದಿ ಹಬ್ಬಿ ಸಾಲು ಗಲ್ಲಿಯ ಬಾಯಿ ದಾಟಿತು. ಗೊಂಬೆಯನ್ನು ನಗಿಸಲು ಜನ ತರತರದ ಚೇಷ್ಟೆ ಮಾಡಿದರು. ನಾನು ಉಬ್ಬಿಹೋದೆ. ಎಲ್ಲ ಮುಗಿದ ಮೇಲೆ ಪರದೆಯ ಹಿಂದೆ ಹೋದರೆ, ಅಪ್ಪಾಸಾಹೇಬರು ಸುಟ್ಟ ಮೋಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಮಂದಿ ಖುಷಿ ಆಗ್ಯಾರಲ್ರಿ ಕಾಕಾ?"

"ಆಗ್ಯಾರ್ರಿ. ಖರೆ, ಮನಷಾ ಗೊಂಬಿ ಆಗೂದು ಸಸಾರ. ನಾ ಇಷ್ಟ ವರ್ಷ ಗೊಂಬೀನ ಮನಷಾ ಮಾಡಾಕ ಹೊಂಟೇನಿ."

ನನ್ನ ಉಬ್ಬು ಅಲ್ಲೇ ಇಳಿಯಿತು.

ಮರುದಿನ ಸಂಜೆಯ ಹೊತ್ತಿಗೆ ಅವರು ಮೋಟಾರು ಸರಿಮಾಡಿದ್ದರು. ಅಜ್ಜಿ ಮತ್ತೆ ಮಜ್ಜಿಗೆ ಕಡೆಯತೊಡಗಿದಳು. ಮನೆಯಲ್ಲಿರಲಾರದೆ ನಾನೂ ಹೋಗಿ ಸಾಲಿನಲ್ಲಿ ನಿಂತೆ. ನನ್ನ ಮುಂದಿದ್ದ ಮುದುಕಿ ಗೊಂಬೆಯನ್ನು ಬಹಳ ಹೊತ್ತು ನೋಡಿ ಸೊಸೆಗೆ ಹೇಳಿದಳು:

"ನಿನ್ನಿನಾಕಿಕಿಂತ ಇಕಿ ಚಲೋ ಕುಂತಾಳ ನೋಡವಾ. ಒಟ್ಟ ಕಣ್ಣ ಮಿಟಕಸೂದಿಲ್ಲ!"

ಪರದೆಯ ಸಂದಿಯಲ್ಲಿದ್ದ ಅಪ್ಪಾಸಾಹೇಬರಿಗೂ ಅದು ಕೇಳಿಸಿತು. ಅವರು ನನ್ನ ಕಡೆ ನೋಡಿದರು. ತಪ್ಪು ಕಂಡರೆ ತಿದ್ದದೆ ಬಿಡದ ನಾನು ಅಂದು ತುಟಿ ಬಿಚ್ಚಲಿಲ್ಲ.

ಮುಂದಿನ ವರ್ಷ ಡಿಜೆ ಬಂದೇ ಬಂತು. ಅದರ ಏಟಿಗೆ ಕಿಟಕಿಗಳು ನಡುಗುತ್ತಿದ್ದಾಗ, "ಬ್ಯಾಸರಾತೇನ್ರಿ ಕಾಕಾ?" ಎಂದು ಅಪ್ಪಾಸಾಹೇಬರ ಕಿವಿಯ ಹತ್ತಿರ ಕೂಗಿ ಕೇಳಿದೆ.

"ಒಬ್ಬ ಮುದುಕಿ ಮನಷಾಳ ಅಂತ ನಂಬಿದ್ಲಲ್ರಿ, ಅಕ್ಕಾರ," ಎಂದರು ಅವರು. "ಒಬ್ಬಾಕಿ ಸಾಕು."